ಟಿಕೆಟ್ ದರ ಬಿಡಿ, ಕ್ಯೂ ಎಷ್ಟು ಬೇಗ ಸರಿಯುತ್ತೆ ನೋಡಿ

ನಿಮ್ಮ ಪ್ರಶ್ನೆ ಇದು: "ಥೀಮ್ ಪಾರ್ಕ್ ಹುಚ್ಚಿರುವ ದೊಡ್ಡವರು ನಿಜವಾಗಿಯೂ ಇದ್ದಾರಾ? ಅದೇ ಆಟಗಳು ಬೇಜಾರಾಗಲ್ವಾ? ಒಬ್ಬರಿಗೆ ಒಂದೂವರೆ ಸಾವಿರ ಅಂದ್ರೆ ಸುಲಿಗೆ ಅನ್ನಿಸಲ್ವಾ?"

ಇದ್ದೇವೆ ಸ್ವಾಮಿ. ನನಗೆ ನಲವತ್ತರ ಆಸುಪಾಸು. ಬೆಂಗಳೂರಿನಲ್ಲಿ ಒಬ್ಬ ಆಡಿಟರ್ ಹತ್ತಿರ ಕೆಲಸ. ಬೆಳೆದದ್ದು ಮೈಸೂರಿನಲ್ಲಿ. ದಸರಾ ವಸ್ತುಪ್ರದರ್ಶನ ನೋಡಿಕೊಂಡು ಬೆಳೆದವರಿಗೆ ಈ ರೋಗ ಅಂಟಿಕೊಳ್ಳುವುದು ಕಷ್ಟವೇನಲ್ಲ. ಜೈಂಟ್ ವೀಲ್, ಕೊಲಂಬಸ್, ಟೋರಾ ಟೋರಾ ಎಲ್ಲಾ ಮುಗಿದ ಮೇಲೆ ಒಂದು ಪ್ಲೇಟ್ ಡೆಲ್ಲಿ ಹಪ್ಪಳ. ನಮ್ಮತ್ತೆಗೆ ಮಾತ್ರ ಇದು ಇವತ್ತಿಗೂ ಅರ್ಥವಾಗಿಲ್ಲ. "ತೊಟ್ಟಿಲು ಆಡೋಕೆ ಬಿಡದಿವರೆಗೂ ಹೋಗ್ಬೇಕೇನಮ್ಮಾ?" ಅನ್ನುತ್ತಾರೆ.

ದಿನಾ ಪಾರ್ಕಿನಲ್ಲೇ ಬಿದ್ದಿರುತ್ತೇನೆ ಅಂದುಕೊಳ್ಳಬೇಡಿ. ಹುಚ್ಚಿನ ಬಹುಪಾಲು ನಡೆಯುವುದು ಮೆಟ್ರೋದಲ್ಲಿ. ಬೇರೆಯವರು ರೀಲ್ಸ್ ನೋಡುವಾಗ ನಾನು ರೋಲರ್ ಕೋಸ್ಟರ್‌ನ ಮೊದಲ ಸೀಟಿನಿಂದ ತೆಗೆದ ವಿಡಿಯೋ ನೋಡುತ್ತಿರುತ್ತೇನೆ. ಮುಂಬೈ ಕಡೆ ಯಾರದ್ದಾದರೂ ಮದುವೆ ಅಂದರೆ ಇಮ್ಯಾಜಿಕಾ ಪಾರ್ಕ್ ಇರುವ ಖೊಪೋಲಿ ಅಲ್ಲಿಂದ ಎಷ್ಟು ದೂರ ಅಂತ ಮೊದಲು ನೋಡುತ್ತೇನೆ. ಅಮೆರಿಕದಿಂದ ನೆಂಟರು ಬಂದರೆ ಚಾಕೊಲೇಟ್ ಬಗ್ಗೆ ಕೇಳಲ್ಲ, ಡಿಸ್ನಿಯಲ್ಲಿ ಕ್ಯೂ ಹೇಗಿತ್ತು ಅಂತ ಕೇಳುತ್ತೇನೆ. ಇನ್ನು ಬಿಡದಿಯ ಪಾರ್ಕ್ ನಡೆಸುವ ವಂಡರ್‌ಲಾ 2014ರಿಂದ ಷೇರುಪೇಟೆಯಲ್ಲಿರುವ ಕಂಪನಿ. ಹಾಗಾಗಿ ಮೂರು ತಿಂಗಳಿಗೊಮ್ಮೆ ಅವರ ಲೆಕ್ಕ ಹೊರಗೆ ಬರುತ್ತದೆ. ಅದನ್ನು ನಾನು ಧಾರಾವಾಹಿಯ ಹಾಗೆ ಕಾದು ಓದುತ್ತೇನೆ. ವೃತ್ತಿ ದೋಷ.

ಬೇಜಾರಿನ ವಿಷಯಕ್ಕೆ ಬರೋಣ. ಒಂದೇ ಕೋಸ್ಟರ್ ಬೆಳಿಗ್ಗೆ ಒಂಥರಾ, ಸಂಜೆ ಒಂಥರಾ ಓಡುತ್ತದೆ. ಚಕ್ರ, ಗ್ರೀಸ್ ಎಲ್ಲಾ ಬಿಸಿಯಾದ ಮೇಲೆ ವೇಗ ಹೆಚ್ಚು. ಸೀಟೂ ಮುಖ್ಯ. ಮುಂದಿನ ಸೀಟಿನಲ್ಲಿ ಕೂತರೆ ಎದುರಿನ ನೋಟವೆಲ್ಲಾ ನಿಮ್ಮದೇ. ಆದರೆ ಏರಿನ ತುದಿ ದಾಟುವಾಗ ಆ ಡಬ್ಬಿ ನಿಧಾನ, ಯಾಕೆಂದರೆ ಹಿಂದಿನ ಡಬ್ಬಿಗಳು ಇನ್ನೂ ಹತ್ತುತ್ತಾ ಇರುತ್ತವೆ. ಕೊನೆಯ ಸೀಟಿನಲ್ಲಿದ್ದರೆ, ಆಗಲೇ ಇಳಿಯುತ್ತಿರುವ ಇಡೀ ಗಾಡಿ ನಿಮ್ಮನ್ನು ತುದಿಯ ಮೇಲಿಂದ ಎಳೆದುಕೊಂಡು ಹೋಗುತ್ತದೆ. ಸೊಂಟ ಸೀಟಿನಿಂದ ಮೇಲೇಳುತ್ತದೆ. ನಾವು ದುಡ್ಡು ಕೊಟ್ಟು ಹೋಗುವುದು ಆ ಅರೆ ಕ್ಷಣಕ್ಕೆ. ಹತ್ತುವಾಗ ಟಕ್ ಟಕ್ ಅಂತ ಸದ್ದು ಬರುತ್ತದಲ್ಲ, ಗಾಡಿ ಮೇಲೆಳೆಯುವ ಚೈನ್ ಕಿತ್ತುಹೋಗ್ತಿದೆ ಅಂತ ಪಕ್ಕದವರು ಹೆದರುತ್ತಾರೆ. ಅದು ಗಾಡಿಯ ಕೆಳಗಿರುವ ಕೊಂಡಿ ಹಳಿಯ ಹಲ್ಲುಗಳ ಮೇಲೆ ಒಂದೊಂದಾಗಿ ಬೀಳುವ ಸದ್ದು. ಚೈನ್ ನಿಜವಾಗಿಯೂ ಹೋದರೂ ಗಾಡಿ ಹಿಂದಕ್ಕೆ ಜಾರದ ಹಾಗೆ ಹಿಡಿಯುವುದು ಅದೇ. ಆ ಸದ್ದು ಕೇಳಿಸಿದರೆ ನನಗೆ ಸಮಾಧಾನ.

ಈಗ ದುಡ್ಡು. ಟಿಕೆಟ್ ಜಾಸ್ತಿ ಅಂತ ಎಲ್ಲರೂ ಬೈಯುತ್ತಾರೆ. ನನ್ನ ಪ್ರಕಾರ ಬೈಗುಳ ಸರಿ, ಗುರಿ ತಪ್ಪು. ಗೇಟಿನಲ್ಲಿ ಎಷ್ಟು ಕೊಟ್ಟಿರಿ ಅನ್ನುವುದಕ್ಕಿಂತ ಆ ದಿನ ನಿಮಗೆ ಎಷ್ಟು ಆಟ ಸಿಕ್ಕಿತು ಅನ್ನುವುದು ಮುಖ್ಯ. ವಸ್ತುಪ್ರದರ್ಶನದಲ್ಲಿ ಒಂದೊಂದು ಆಟಕ್ಕೆ ಬೇರೆ ಬೇರೆ ಟಿಕೆಟ್. ಡಿಸ್ನಿಲ್ಯಾಂಡ್ ಕೂಡ 1955ರಲ್ಲಿ ಶುರುವಾದದ್ದು ಹಾಗೆಯೇ. ಆಮೇಲೆ ಎ, ಬಿ, ಸಿ ಅಂತ ದರ್ಜೆ ಹಾಕಿದ ಟಿಕೆಟ್ ಪುಸ್ತಕ ತಂದರು, ಅದನ್ನು 1982ರಲ್ಲಿ ಕೈಬಿಟ್ಟು ಗೇಟಿನಲ್ಲೇ ಒಟ್ಟಿಗೆ ವಸೂಲಿ ಮಾಡತೊಡಗಿದರು. ಬಿಡಿ ಟಿಕೆಟ್ ಇರುವಲ್ಲಿ ಗಾಡಿ ಒಂದು ಸಲ ಜಾಸ್ತಿ ಓಡಿದರೆ ಮಾಲೀಕನಿಗೆ ಅಷ್ಟು ಲಾಭ. ಗೇಟಿನಲ್ಲೇ ದುಡ್ಡು ತೆಗೆದುಕೊಂಡ ಮೇಲೆ? ನೀವು ಎರಡು ಆಟ ಆಡಿದರೂ ಅಷ್ಟೇ, ಇಪ್ಪತ್ತು ಆಡಿದರೂ ಅಷ್ಟೇ. ಬೇಗ ಬೇಗ ಓಡಿಸಲು ಅವರಿಗೆ ಅವತ್ತಿನ ಮಟ್ಟಿಗೆ ಯಾವ ಅವಸರವೂ ಇಲ್ಲ. ಈ ವ್ಯಾಪಾರದ ದೊಡ್ಡ ದೋಷ ಇದೇ ಅಂತ ನನಗನ್ನಿಸುತ್ತದೆ.

ಲೆಕ್ಕ ಹಾಕಿ ನೋಡಿ. 28 ಸೀಟಿನ ಗಾಡಿ 3 ನಿಮಿಷಕ್ಕೊಮ್ಮೆ ಹೊರಟರೆ ಗಂಟೆಗೆ 560 ಜನ. ಅದೇ ಗಾಡಿ 5 ನಿಮಿಷಕ್ಕೊಮ್ಮೆ ಹೊರಟರೆ 336 ಜನ. ನಿಮ್ಮ ಮುಂದೆ 600 ಜನ ನಿಂತಿದ್ದರೆ ಮೊದಲನೆಯದರಲ್ಲಿ ಒಂದು ಗಂಟೆಗೆ ಸ್ವಲ್ಪ ಮೇಲೆ, ಎರಡನೆಯದರಲ್ಲಿ ಹತ್ತಿರ ಹತ್ತಿರ ಒಂದೂಮುಕ್ಕಾಲು ಗಂಟೆ. ಆ ಎರಡು ನಿಮಿಷ ಎಲ್ಲಿಗೆ ಹೋಯಿತು? ಚಪ್ಪಲಿಗೆ ಹೋಯಿತು! ಗಾಡಿ ಹತ್ತುವ ಜಾಗದಲ್ಲಿ ನಿಂತು ನೋಡಿದರೆ ಗೊತ್ತಾಗುತ್ತದೆ. ಒಬ್ಬರು ಚಪ್ಪಲಿ ಬಿಡಲು ಜಾಗ ಹುಡುಕುತ್ತಾರೆ. ಇನ್ನೊಬ್ಬರು ಸೀಟಿನಲ್ಲಿ ಹಿಡಿದಿಡುವ ಬಾರ್ ಕೂರಿಸಿದ ಮೇಲೆ ಜೇಬಿನ ಮೊಬೈಲ್ ನೆನಪಿಸಿಕೊಳ್ಳುತ್ತಾರೆ. ಕಾಲೇಜು ಹುಡುಗರ ಗುಂಪಿಗೆ ಎಲ್ಲರೂ ಒಂದೇ ಸಾಲಿನಲ್ಲಿ ಬೇಕು. ಸಿಬ್ಬಂದಿ ಹುಡುಗ ಒಬ್ಬನೇ ಎಲ್ಲಾ ಬಾರ್ ಎಳೆದು ನೋಡಬೇಕು. ಬಾರ್ ನೋಡುವುದರಲ್ಲಿ ಅವಸರ ಬೇಡವೇ ಬೇಡ. ಆದರೆ ಅಲ್ಲಿ ಇನ್ನಿಬ್ಬರು ಸಿಬ್ಬಂದಿ, ಕ್ಯೂ ಮುಗಿಯುವ ಮುಂಚೆಯೇ ಚಪ್ಪಲಿ, ಫೋನಿಗೆ ಒಂದು ಗೂಡು. ಇಷ್ಟು ಸಾಕು. ಕೋಟಿ ಸುರಿದು ಹೊಸ ಆಟ ತರುವುದಕ್ಕಿಂತ ಇದು ಅಗ್ಗ ಅಲ್ವಾ?

ಹೋದ ವರ್ಷ ಬೇಸಿಗೆ ರಜೆಯಲ್ಲಿ ಒಂದು ಪಾರ್ಕಿಗೆ ಹೋಗಿದ್ದೆ, ಹೆಸರು ಬೇಡ. ನೆತ್ತಿ ಸುಡುವ ಬಿಸಿಲಿನಲ್ಲಿ ಕ್ಯೂ ಹಾವಿನ ಹಾಗೆ ಸುತ್ತಿಕೊಂಡಿತ್ತು. ಎರಡು ಗಾಡಿ ಓಡಿಸಬಹುದಾದ ಹಳಿಯಲ್ಲಿ ಒಂದನ್ನೇ ಓಡಿಸುತ್ತಿದ್ದರು. ಇನ್ನೊಂದು ಶೆಡ್ಡಿನಲ್ಲಿ ಮಲಗಿತ್ತು. ಅವತ್ತು ನನಗೆ ಸಿಟ್ಟು ಬಂದದ್ದು ನಿಜ, ಆದರೆ ಟಿಕೆಟ್ ದರದ ಮೇಲಲ್ಲ.

ದುಡ್ಡು ಕೊಟ್ಟು ಕ್ಯೂ ತಪ್ಪಿಸುವ ಟಿಕೆಟ್ ಇದೆಯಲ್ಲ, ನನಗೆ ಅದರ ಮೇಲೆ ಕೋಪ. ಡಿಸ್ನಿ 1999ರಲ್ಲಿ ಫಾಸ್ಟ್‌ಪಾಸ್ ತಂದಾಗ ಅದು ಪುಕ್ಕಟೆ. 2021ರಲ್ಲಿ ಅದನ್ನು ತೆಗೆದು ದುಡ್ಡಿಗೆ ಮಾರತೊಡಗಿದರು. ನಮ್ಮಲ್ಲಿ ಫಾಸ್ಟ್‌ಟ್ರ್ಯಾಕ್ ಅಂದರೆ ಹೆಚ್ಚುಕಡಿಮೆ ದುಪ್ಪಟ್ಟು ದರ. ಆ ಸೀಟುಗಳು ಆಕಾಶದಿಂದ ಇಳಿಯುವುದಿಲ್ಲ. ಸಾಮಾನ್ಯ ಕ್ಯೂನಲ್ಲಿ ನಿಂತವರ ಸೀಟೇ ಅದು. ಕ್ಯೂ ಉದ್ದವಾದಷ್ಟೂ ಅದನ್ನು ತಪ್ಪಿಸುವ ಟಿಕೆಟ್ ಚೆನ್ನಾಗಿ ಖರ್ಚಾಗುತ್ತದೆ. ಮೇಲೆ ಹೇಳಿದ ದೋಷದ ಜೊತೆ ಇದನ್ನು ಸೇರಿಸಿ ಯೋಚಿಸಿ.

ಹಾಗಂತ ಮಾಲೀಕರೆಲ್ಲಾ ಗಂಟು ಕಟ್ಟುತ್ತಿದ್ದಾರೆ ಅಂತಲ್ಲ. ಒಂದು ಸಾವಿರ ಜನ ಬಂದರೂ, ಎಂಟು ಸಾವಿರ ಜನ ಬಂದರೂ ಸಂಬಳ, ಕರೆಂಟು, ಬೆಳಿಗ್ಗೆ ಖಾಲಿ ಗಾಡಿ ಓಡಿಸಿ ನೋಡುವ ಕೆಲಸ ಎಲ್ಲಾ ಹೆಚ್ಚುಕಡಿಮೆ ಅಷ್ಟೇ. ಏಪ್ರಿಲ್-ಮೇ, ದಸರಾ ರಜೆ, ಡಿಸೆಂಬರ್. ಆಗ ದುಡಿದದ್ದರಲ್ಲಿ ಮಳೆಗಾಲ ಕಳೆಯಬೇಕು. 2017ರ ಜುಲೈನಲ್ಲಿ ಜಿಎಸ್‌ಟಿ ಬಂದಾಗ ಪಾರ್ಕ್ ಟಿಕೆಟ್ ಮೇಲೆ 28 ಪರ್ಸೆಂಟ್ ಹಾಕಿದ್ದರು. 2018ರ ಜನವರಿಯಲ್ಲಿ ಅದನ್ನು 18ಕ್ಕೆ ಇಳಿಸಿದರು. ಜಾಗದ್ದು ಇನ್ನೊಂದು ಕಥೆ. ದೆಹಲಿಯ ಅಪ್ಪು ಘರ್ 1984ರಲ್ಲಿ ಊರ ನಡುವೆಯೇ ಶುರುವಾಗಿತ್ತು, 2008ರಲ್ಲಿ ಮುಚ್ಚಿತು. ಊರ ನಡುವಿನ ಜಾಗದ ಮೇಲೆ ಎಲ್ಲರಿಗೂ ಕಣ್ಣು. ಹಾಗಾಗಿ ಪಾರ್ಕುಗಳು ಊರಾಚೆ ಹೋಗುತ್ತವೆ, ನಾವು ಬಸ್ಸು ಹುಡುಕುತ್ತೇವೆ.

ಸಾಲ ಮಾಡಿ ಪಾರ್ಕ್ ಕಟ್ಟಿದವರ ಪಾಡು ನೋಡಬೇಕೆಂದರೆ ಖೊಪೋಲಿಯ ಇಮ್ಯಾಜಿಕಾ ನೋಡಿ. 2013ರಲ್ಲಿ ಶುರುವಾಯಿತು. ಒಂದೊಂದು ಆಟಕ್ಕೂ ಒಂದೊಂದು ಕಥೆ, ವೇಷ, ಸೆಟ್ಟು. ಅಲ್ಲಿನ ನೈಟ್ರೋ ನನಗೆ ಪ್ರಾಣ. ಕಾಲ ಕೆಳಗೆ ತಳವೇ ಇಲ್ಲದ ಕೋಸ್ಟರ್ ಅದು. ಆದರೆ ಸಾಲದ ಹೊರೆ ಇಳಿಯಲಿಲ್ಲ, 2022ರಲ್ಲಿ ಪಾರ್ಕ್ ಮಾಲ್ಪಾನಿ ಗುಂಪಿನ ಕೈಗೆ ಹೋಯಿತು. ವಂಡರ್‌ಲಾ ದಾರಿಯೇ ಬೇರೆ. ವೋಲ್ಟೇಜ್ ಸ್ಟೆಬಿಲೈಜರ್ ಮಾಡುತ್ತಿದ್ದ ವಿ-ಗಾರ್ಡ್‌ನ ಕೊಚೌಸೆಫ್ ಚಿಟ್ಟಿಲಪ್ಪಿಳ್ಳಿ 2000ರಲ್ಲಿ ಕೊಚ್ಚಿಯಲ್ಲಿ ವೀಗಾಲ್ಯಾಂಡ್ (ಈಗಿನ ವಂಡರ್‌ಲಾ ಕೊಚ್ಚಿ) ಮಾಡಿದರು, 2005ರಲ್ಲಿ ಬೆಂಗಳೂರಿನದ್ದು, 2016ರಲ್ಲಿ ಹೈದರಾಬಾದಿನದ್ದು. ಕೆಲವು ಆಟಗಳನ್ನು ಕೊಚ್ಚಿಯಲ್ಲಿ ತಾವೇ ತಯಾರಿಸುತ್ತಾರೆ. ಕಥೆ, ಸೆಟ್ಟು ಕಡಿಮೆ. ನನ್ನಂಥವಳಿಗೆ ಅದು ಸ್ವಲ್ಪ ಸಪ್ಪೆ ಅನ್ನಿಸುವುದು ಹೌದು. ಆಡಿಟರ್ ಆಫೀಸಿನವಳಾಗಿ ನೋಡಿದರೆ ಭೇಷ್ ಅನ್ನಬೇಕು. ಅವರ ಆದಾಯದಲ್ಲಿ ಮುಕ್ಕಾಲು ಪಾಲಿನಷ್ಟು ಬರುವುದು ಟಿಕೆಟ್‌ನಿಂದ. ಉಳಿದದ್ದು ಊಟ, ಲಾಕರ್, ನೀರಿನ ಬಟ್ಟೆ ಇಂಥದ್ದರಿಂದ. ನೀರಿನ ಆಟಕ್ಕೆ ನೈಲಾನ್ ಬಟ್ಟೆ ಕಡ್ಡಾಯ ಅಂದಾಗ ಬಟ್ಟೆ ಮಾರುವ ಉಪಾಯ ಅಂತ ಜನ ಗೊಣಗುತ್ತಾರೆ. ಹತ್ತಿ ಬಟ್ಟೆಯ ಎಳೆ ಬಿಟ್ಟುಕೊಂಡು ಫಿಲ್ಟರ್ ಕಟ್ಟಿಕೊಳ್ಳುತ್ತದೆ, ಅದಕ್ಕೇ ಆ ನಿಯಮ. ಮನೆಯಿಂದಲೇ ತೆಗೆದುಕೊಂಡು ಹೋದರೆ ಆಯಿತು.

ನೀವು ಹೋಗುವುದಾದರೆ ಶಾಲೆ ಶುರುವಾದ ಮೇಲೆ, ಜೂನ್ ಕೊನೆ ಅಥವಾ ಜುಲೈನಲ್ಲಿ, ಮಂಗಳವಾರವೋ ಬುಧವಾರವೋ ರಜೆ ಹಾಕಿ. ಚಲ್ಲಘಟ್ಟದವರೆಗೆ ಮೆಟ್ರೋ ಇದೆ, ಅಲ್ಲಿಂದ ಬಿಡದಿ ಕಡೆಯ ಬಸ್ಸು. ಗೇಟು ತೆಗೆಯುವ ಹೊತ್ತಿಗೇ ಇರಿ. ಎಲ್ಲರೂ ಮೊದಲು ಕಂಡ ಆಟಕ್ಕೆ ನುಗ್ಗುತ್ತಾರೆ. ನೀವು ನೇರ ದೊಡ್ಡ ಕೋಸ್ಟರ್ ಹತ್ತಿರ ಹೋಗಿ, ನೀರಿನ ಆಟ ಮಧ್ಯಾಹ್ನಕ್ಕೆ ಇಟ್ಟುಕೊಳ್ಳಿ. ಬಿಡದಿಯ ತಟ್ಟೆ ಇಡ್ಲಿ ಸಂಜೆಗೆ, ದಯವಿಟ್ಟು ಬೆಳಿಗ್ಗೆ ಬೇಡ. ಕಾಲಿಗೆ ಬೆಲ್ಟ್ ಇರುವ ಸ್ಯಾಂಡಲ್ ಹಾಕಿಕೊಳ್ಳಿ.