ವಾಲ್ವ್ ಬಿಗಿ ಮಾಡುವ ಮೊದಲು ನೀರು ಎಲ್ಲಿ ಹೋಗುತ್ತಿದೆ ನೋಡಿ

ನ್ಯೂಜೆರ್ಸಿಯ ನಿಮ್ಮ ಹಳೆಯ ಮನೆಯಲ್ಲಿ ಹಬೆಯಿಂದ ಕೋಣೆ ಬೆಚ್ಚಗಿಡುವ ರೇಡಿಯೇಟರಿನ ವಾಲ್ವಿನಿಂದ ಹಬೆ ಬುಸುಗುಡುತ್ತಿದೆ, ಎರಡು ದಿನಕ್ಕೊಮ್ಮೆ ಬಾಯ್ಲರಿಗೆ ನೀರು ತುಂಬಬೇಕಾಗಿದೆ, ವಾಲ್ವ್ ಬಿಗಿ ಮಾಡಿದರೆ ಸಾಕೇ ಎಂದು ಕೇಳಿದ್ದೀರಿ. ವಾಲ್ವನ್ನು ಸರಿಪಡಿಸಲೇಬೇಕು, ಆದರೆ ಅಷ್ಟೊಂದು ನೀರು ಅಲ್ಲಿಂದಲೇ ಹೋಗುತ್ತಿದೆ ಎಂದು ನನಗೆ ಅನ್ನಿಸುವುದಿಲ್ಲ. ಒಂದು ಲೋಟ ನೀರು ಹಬೆಯಾದಾಗ ಸುಮಾರು 1,700 ಪಟ್ಟು ಜಾಗ ಹಿಡಿಯುತ್ತದೆ. ಹಾಗಾಗಿ ಹಬೆಯ ಸೋರಿಕೆ ಕಣ್ಣಿಗೂ ಕಿವಿಗೂ ದೊಡ್ಡದಾಗಿ ಕಂಡರೂ ಅದರಲ್ಲಿ ಹೋಗುವ ನೀರು ಕಡಿಮೆ. ಮ್ಯಾಸಚೂಸೆಟ್ಸ್‌ನ ನಮ್ಮ ಮನೆಯಲ್ಲಿ ನಾನು ಒಂದು ಇಡೀ ಚಳಿಗಾಲ ವಾಲ್ವುಗಳನ್ನೇ ತಿರುಗಿಸುತ್ತಾ ಕಳೆದೆ. ನೀರು ಹೋಗುತ್ತಿದ್ದದ್ದು ನೆಲಮಾಳಿಗೆಯ ಕಾಂಕ್ರೀಟಿನಡಿ ಹೂತಿದ್ದ, ತಣಿದ ನೀರನ್ನು ಬಾಯ್ಲರಿಗೆ ಮರಳಿಸುವ ಕೊಳವೆಯಿಂದ.

ಆದ್ದರಿಂದ ಮೊದಲು ಈ ಪರೀಕ್ಷೆ ಮಾಡಿ. ಚಳಿ ಅಷ್ಟಾಗಿ ಇಲ್ಲದ ಒಂದು ರಾತ್ರಿ ಬಾಯ್ಲರನ್ನು ಆರಿಸಿ, ತಾನಾಗಿ ನೀರು ತುಂಬುವ ಸಾಧನವಿದ್ದರೆ ಅದನ್ನೂ ಮುಚ್ಚಿ, ಮೇಲಿನ ನೀರೆಲ್ಲ ಇಳಿದು ಬಂದು ಬಾಯ್ಲರ್ ತಣ್ಣಗಾದ ಮೇಲೆ ಮಟ್ಟ ತೋರಿಸುವ ಗಾಜಿನ ನಳಿಕೆಗೆ ಒಂದು ಟೇಪಿನ ಚೂರು ಅಂಟಿಸಿ. ಬೆಳಿಗ್ಗೆ ಮಟ್ಟ ಇಳಿದಿದ್ದರೆ ಸೋರಿಕೆ ನೀರಿನ ಮಟ್ಟಕ್ಕಿಂತ ಕೆಳಗೆ, ಅಂದರೆ ಬಾಯ್ಲರಿನ ತಳಭಾಗದಲ್ಲೋ ನೀರು ಮರಳಿಸುವ ಕೊಳವೆಯಲ್ಲೋ ಇದೆ. ಇಳಿಯದೆ, ಬಾಯ್ಲರ್ ಉರಿಯುವಾಗ ಮಾತ್ರ ಇಳಿಯುತ್ತಿದ್ದರೆ ನೀರು ಹಬೆಯಾಗಿ ಹೋಗುತ್ತಿದೆ: ವಾಲ್ವಿನಿಂದ, ಗಾಳಿ ಹೊರಬಿಟ್ಟ ಮೇಲೂ ಮುಚ್ಚಿಕೊಳ್ಳದ ಏರ್ ವೆಂಟ್‌ನಿಂದ, ಅಥವಾ ಬಾಯ್ಲರಿನ ಮೇಲ್ಭಾಗದ ಬಿರುಕಿನಿಂದ ಚಿಮಣಿಗೆ. ಹೂತ ಕೊಳವೆಯೇ ಸೋರುತ್ತಿದ್ದರೆ ಕಾಂಕ್ರೀಟು ಒಡೆಸಬೇಡಿ. ಅದನ್ನು ಅಲ್ಲೇ ಬಿಟ್ಟು, ಗೋಡೆಯ ಬುಡದಲ್ಲಿ, ಬಾಯ್ಲರಿನ ನೀರಿನ ಮಟ್ಟಕ್ಕಿಂತ ಕೆಳಗೆ ಹೊಸ ಕೊಳವೆ ಹಾಕಿಸಿ. ನಾವು ಮಾಡಿದ್ದು ಅದನ್ನೇ. ಕೆಲಸಕ್ಕೆ ಮುನ್ನ ಹಳೆಯ ಕೊಳವೆಗಳ ಮೇಲಿನ ಬಿಳಿ ಹೊದಿಕೆಯಲ್ಲಿ ಆಸ್ಬೆಸ್ಟಾಸ್ (ಉಸಿರಿನೊಡನೆ ಒಳಹೋದರೆ ಅಪಾಯ ತರುವ ನಾರು) ಇದೆಯೇ ಎಂದು ಪರೀಕ್ಷೆ ಮಾಡಿಸಿ. ಅಲ್ಲಿಯವರೆಗೆ ಅದನ್ನು ಕೈಯಿಂದಲೂ ಮುಟ್ಟಬೇಡಿ.

ಇನ್ನು ನಿಮ್ಮ ವಾಲ್ವ್. ಹಬೆ ಹಿಡಿಕೆಯ ಕಡ್ಡಿಯ ಸುತ್ತ ಬರುತ್ತಿದ್ದರೆ, ಎಲ್ಲವೂ ತಣ್ಣಗಾದ ಮೇಲೆ, ಒಂದು ಸ್ಪ್ಯಾನರಿನಿಂದ ವಾಲ್ವಿನ ಮೈಯನ್ನು ಹಿಡಿದು ಇನ್ನೊಂದರಿಂದ ಪ್ಯಾಕಿಂಗ್ ನಟ್ಟನ್ನು (ಕಡ್ಡಿಯ ಸುತ್ತ ಹಬೆ ತಡೆಯಲು ತುಂಬಿದ ಪ್ಯಾಕಿಂಗನ್ನು ಒತ್ತಿಹಿಡಿಯುವ ನಟ್ಟು) ಸ್ವಲ್ಪವೇ ಬಿಗಿಮಾಡಿ. ನಿಲ್ಲದಿದ್ದರೆ ನಟ್ಟು ಬಿಚ್ಚಿ, ಒಣಗಿ ಕಲ್ಲಾದ ಹಳೆಯ ಪ್ಯಾಕಿಂಗನ್ನು ಕೆರೆದು ತೆಗೆದು, ನಟ್ಟು ಬಿಗಿಯಾಗುವ ದಿಕ್ಕಿನಲ್ಲೇ ಕಡ್ಡಿಗೆ ಗ್ರಾಫೈಟ್ ದಾರ ಸುತ್ತಿ. ಸೋರಿಕೆ ವಾಲ್ವು ರೇಡಿಯೇಟರಿಗೆ ಸೇರುವ ಯೂನಿಯನ್ನಿನಲ್ಲಿದ್ದರೆ ಟೇಪು ಸುತ್ತಿ ಪ್ರಯೋಜನವಿಲ್ಲ, ಏಕೆಂದರೆ ಅಲ್ಲಿ ಹಬೆಯನ್ನು ತಡೆಯುವುದು ತಿರುಪಿನ ಸುತ್ತುಗಳಲ್ಲ, ಒಂದಕ್ಕೊಂದು ಒತ್ತಿಕೊಂಡ ಲೋಹದ ಮುಖಗಳು. ಅವು ಸವೆದಿದ್ದರೆ ವಾಲ್ವನ್ನೂ ಅದರ ಜೊತೆ ಬರುವ ತುಂಡನ್ನೂ ಒಟ್ಟಿಗೇ ಬದಲಾಯಿಸಬೇಕು. ಹಬೆ ಬರುವುದೂ ನೀರು ಮರಳುವುದೂ ರೇಡಿಯೇಟರಿನ ಒಂದೇ ಕೊಳವೆಯಲ್ಲಾಗಿದ್ದರೆ ಆ ವಾಲ್ವನ್ನು ಅರೆತೆರೆದು ಬಿಡಬೇಡಿ. ಪೂರ್ತಿ ತೆರೆದಿರಲಿ, ಇಲ್ಲವೇ ಪೂರ್ತಿ ಮುಚ್ಚಿರಲಿ.

ಸೋರಿಕೆ ಸಿಗುವವರೆಗೆ ನೀರು ತುಂಬುತ್ತಿದ್ದರಾಯಿತು ಎಂದು ದಯವಿಟ್ಟು ತಿಂಗಳುಗಟ್ಟಲೆ ನೂಕಬೇಡಿ. ಪ್ರತಿ ಸಲ ಹೊಸ ನೀರಿನೊಡನೆ ಬರುವ ಆಮ್ಲಜನಕ ಬಾಯ್ಲರಿನ ಕಬ್ಬಿಣವನ್ನು ಒಳಗಿನಿಂದ ತಿನ್ನುತ್ತದೆ. ಗಾಜಿನಲ್ಲಿ ನೀರೇ ಕಾಣದಿದ್ದರಂತೂ ಬಿಸಿ ಬಾಯ್ಲರಿಗೆ ತಣ್ಣೀರು ಬಿಡಲೇಬೇಡಿ, ಎರಕದ ಕಬ್ಬಿಣ ಸೀಳಿಹೋಗಬಹುದು. ಆರಿಸಿ, ಪೂರ್ತಿ ತಣಿಯುವವರೆಗೆ ಕಾದು ಆಮೇಲೆ ತುಂಬಿ. ಟೇಪಿನ ಗುರುತಿನಿಂದ ಮಟ್ಟ ಎಷ್ಟು ಇಳಿಯಿತೆಂದು ತಿಳಿಸಿದರೆ ಮುಂದಿನ ಹೆಜ್ಜೆಗೆ ನೆರವಾಗುತ್ತೇನೆ.