ಓದುಗರ ಪ್ರಶ್ನೆ, ನಮ್ಮ ಉತ್ತರ: ಈ ಸಲ ಪೂರ್ತಿ ಪ್ರಕಾಶ್ ಪಡುಕೋಣೆ

ಪ್ರಶ್ನೆ: ಟಿವಿಯಲ್ಲಿ ಬ್ಯಾಡ್ಮಿಂಟನ್ ಬಂದರೆ ಸಾಕು, ನಮ್ಮಪ್ಪ ‘ಪ್ರಕಾಶ್ ಆಟದ ಮುಂದೆ ಇದೆಲ್ಲ ಯಾವ ಲೆಕ್ಕ’ ಅಂತ ಶುರು ಮಾಡ್ತಾರೆ. ಅಂಥದ್ದೇನು ಮಾಡಿದ್ದರು ಅವರು?
– ಕಾಲೇಜು ವಿದ್ಯಾರ್ಥಿನಿ, ಶಿವಮೊಗ್ಗ

ಉತ್ತರ: ನಿಮ್ಮಪ್ಪ ಸ್ವಲ್ಪ ಜಾಸ್ತಿನೇ ಹೇಳ್ತಾರೆ, ಆದರೆ ಸುಮ್ನೆ ಹೇಳ್ತಿಲ್ಲ. 1980ರ ಮಾರ್ಚ್ 23, ಲಂಡನ್ನಿನ ವೆಂಬ್ಲಿ, ಬ್ಯಾಡ್ಮಿಂಟನ್ನಿನ ದೊಡ್ಡ ಟೂರ್ನಿ ಆಲ್ ಇಂಗ್ಲೆಂಡಿನ ಫೈನಲ್. ಎದುರಿಗೆ ಇಂಡೋನೇಷ್ಯಾದ ಲಿಯೆಮ್ ಸ್ವೀ ಕಿಂಗ್. 1978, 1979 ಎರಡೂ ವರ್ಷ ಕಪ್ ಎತ್ತಿದ್ದವನು ಅವನೇ. ಅವನು ಎಗರಿ ಸ್ಮ್ಯಾಷ್ ಹೊಡೆದರೆ ವಾಪಸ್ ಎತ್ತುವುದು ದೂರದ ಮಾತು, ಶಟಲ್ ಎಲ್ಲಿ ಬಿತ್ತು ಅಂತ ಹುಡುಕಬೇಕಿತ್ತು. ಪ್ರಕಾಶ್ ಅವನ ಜೊತೆ ಜೋರು ತೋರಿಸೋಕೆ ಹೋಗಲೇ ಇಲ್ಲ. ಆಟದ ವೇಗವನ್ನೇ ಇಳಿಸಿಬಿಟ್ಟರು. ನೆಟ್ ಹತ್ತಿರ ಮೆಲ್ಲಗೆ ಡ್ರಿಬಲ್, ಇಲ್ಲಾಂದ್ರೆ ಹಿಂದಿನ ಗೆರೆಗೆ ಟಾಸ್, ಮತ್ತೆ ನೆಟ್ ದಾಟಿದ ಕೂಡಲೇ ಬೀಳುವ ಡ್ರಾಪ್. ಎಗರಿ ಹೊಡೆಯೋಕೆ ಬೇಕಾದ ಎತ್ತರದಲ್ಲಿ, ಬೇಕಾದ ಜಾಗದಲ್ಲಿ ಶಟಲ್ ಸಿಕ್ಕರೆ ತಾನೆ ಕಿಂಗ್ ಕಿಂಗ್ ಆಗೋದು! ಪ್ರಕಾಶ್ ಗೆದ್ದರು, 15-3, 15-10.

ಆ 3 ಅನ್ನೋ ಅಂಕಿಯನ್ನು ಸ್ವಲ್ಪ ಗಮನಿಸಿ. ಆಗ ಸರ್ವ್ ಮಾಡುವವನಿಗೆ ಮಾತ್ರ ಪಾಯಿಂಟ್. ಎದುರಾಳಿಯ ಸರ್ವ್‌ನಲ್ಲಿ ರ‍್ಯಾಲಿ ಗೆದ್ದರೆ ಸರ್ವ್ ಕೈಗೆ ಬರುತ್ತಿತ್ತು, ಅಷ್ಟೇ. ಅಂದರೆ ಕಿಂಗ್ ರ‍್ಯಾಲಿ ಗೆಲ್ಲಲಿಲ್ಲ ಅಂತಲ್ಲ, ಗೆದ್ದು ಸರ್ವ್ ತಗೊಂಡ ಮೇಲೂ ಅದನ್ನು ಪಾಯಿಂಟ್ ಮಾಡಿಕೊಳ್ಳೋಕೆ ಪ್ರಕಾಶ್ ಬಿಡಲಿಲ್ಲ. ಅವರ ಕೈಯಲ್ಲಿ ಇನ್ನೊಂದು ಮೋಸವಿತ್ತು (ಆಟದೊಳಗಿನ ಮೋಸ, ತಪ್ಪು ತಿಳಿಯಬೇಡಿ). ಟಾಸ್‌ಗೂ ಡ್ರಾಪ್‌ಗೂ ರ‍್ಯಾಕೆಟ್ ಬರುವ ರೀತಿ ಒಂದೇ. ಕೊನೇ ಗಳಿಗೆಯಲ್ಲಿ ಮಣಿಕಟ್ಟು ಎಲ್ಲಿಗೆ ತಿರುಗುತ್ತೆ ಅಂತ ಎದುರಿಗಿದ್ದವನಿಗೆ ಗೊತ್ತಾಗುವಷ್ಟರಲ್ಲಿ ಅವನ ಕಾಲು ಆಗಲೇ ಉಲ್ಟಾ ದಿಕ್ಕಿಗೆ ಹೊರಟಿರುತ್ತಿತ್ತು. ಅದೇ ವರ್ಷ ಡೆನ್ಮಾರ್ಕ್, ಸ್ವೀಡನ್ ಓಪನ್‌ಗಳನ್ನೂ ಗೆದ್ದರು, ವಿಶ್ವದ ನಂಬರ್ ಒನ್ ಆದರು. ಮರುವರ್ಷದ ಆಲ್ ಇಂಗ್ಲೆಂಡ್ ಫೈನಲ್‌ನಲ್ಲಿ ಇದೇ ಕಿಂಗ್ ಬಂದು ಬಡ್ಡಿ ಸಮೇತ ವಸೂಲಿ ಮಾಡಿದ ಅನ್ನೋದನ್ನ ನಿಮ್ಮಪ್ಪ ಹೇಳಿರಲಿಕ್ಕಿಲ್ಲ, ಅಲ್ವಾ?

ಪ್ರಶ್ನೆ: ನಮ್ಮೂರಲ್ಲಿ ಶಟಲ್ ಕೋರ್ಟ್ ಅಂತ ಇರೋದು ಒಂದು ಸಮುದಾಯ ಭವನ. ಲಗ್ನದ ಸೀಸನ್ ಬಂದರೆ ಮಕ್ಕಳ ಪ್ರಾಕ್ಟೀಸ್ ಬಂದ್. ಹೀಗಿದ್ದರೆ ಯಾರು ತಾನೆ ಮೇಲೆ ಬರ‍್ತಾರೆ?
– ಪಿ.ಟಿ. ಮೇಷ್ಟ್ರು, ಹಾವೇರಿ ಜಿಲ್ಲೆ

ಉತ್ತರ: ಮೇಷ್ಟ್ರೇ, ಪ್ರಕಾಶ್ ಆಡಿ ಬೆಳೆದದ್ದೂ ಮದುವೆ ಹಾಲ್‌ನಲ್ಲೇ. ಮಲ್ಲೇಶ್ವರದ ಕೆನರಾ ಯೂನಿಯನ್. ಮದುವೆ ಇದ್ದ ದಿನ ಆಟ ಇಲ್ಲ. ಮುಗಿಯೋದನ್ನೇ ಕಾಯಬೇಕು. ತಂದೆ ರಮೇಶ್ ಪಡುಕೋಣೆ ಆಗಿನ ಮೈಸೂರು ಬ್ಯಾಡ್ಮಿಂಟನ್ ಸಂಸ್ಥೆಯ ಕಾರ್ಯದರ್ಶಿ, ಮಗನ ಕೈಗೆ ರ‍್ಯಾಕೆಟ್ ಕೊಟ್ಟವರು ಅವರೇ. ಹುಡುಗ ಮೊದಲ ರಾಜ್ಯ ಜೂನಿಯರ್ ಟೂರ್ನಿಯಲ್ಲಿ ಮೊದಲ ಸುತ್ತಿನಲ್ಲೇ ಸೋತ. ಎರಡು ವರ್ಷದಲ್ಲಿ ಅದೇ ಕಪ್ ಗೆದ್ದ. 16ನೇ ವಯಸ್ಸಿಗೆ ರಾಷ್ಟ್ರೀಯ ಜೂನಿಯರ್, ಸೀನಿಯರ್ ಎರಡನ್ನೂ ಒಂದೇ ಸೀಸನ್‌ನಲ್ಲಿ ಗೆದ್ದು, ಸೀನಿಯರ್ ಪಟ್ಟವನ್ನು ಸತತ ಒಂಬತ್ತು ವರ್ಷ ಬಿಟ್ಟುಕೊಡಲಿಲ್ಲ. ಹಾಗಂತ ಭವನದವರನ್ನು ಸುಮ್ನೆ ಬಿಡಬೇಡಿ. ಇದು ಈಗ ಸಾಕಾಗಲ್ಲ. 1994ರಲ್ಲಿ ಬೆಂಗಳೂರಿನಲ್ಲಿ ಮಾಜಿ ಆಟಗಾರ ವಿಮಲ್ ಕುಮಾರ್ ಜೊತೆ ಸೇರಿ ಪ್ರಕಾಶ್ ಅಕಾಡೆಮಿ ಶುರು ಮಾಡಿದ್ದು ಯಾಕೆ ಮತ್ತೆ? ಕೋರ್ಟು, ಕೋಚು ಎರಡೂ ಇಲ್ಲದೆ ಆಗಲ್ಲ ಅಂತ ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಪ್ರಶ್ನೆ: ಇಷ್ಟೆಲ್ಲ ಗೆದ್ದವರಿಗೆ ಒಂದು ಒಲಿಂಪಿಕ್ ಪದಕ ಯಾಕಿಲ್ಲ?
– ಓದುಗರು, ರಾಯಚೂರು

ಉತ್ತರ: ಬ್ಯಾಡ್ಮಿಂಟನ್ನಿಗೆ ಒಲಿಂಪಿಕ್ಸ್‌ನಲ್ಲಿ ಪದಕ ಕೊಡೋಕೆ ಶುರು ಮಾಡಿದ್ದೇ 1992ರಲ್ಲಿ, ಬಾರ್ಸಿಲೋನಾದಲ್ಲಿ. 1955ರಲ್ಲಿ ಹುಟ್ಟಿದ ಪ್ರಕಾಶ್‌ಗೆ ಆಗ 37. ಆಡಿ ಮುಗಿದಿತ್ತು. 1978ರ ಕಾಮನ್‌ವೆಲ್ತ್ ಚಿನ್ನ, 1983ರ ವಿಶ್ವ ಚಾಂಪಿಯನ್‌ಶಿಪ್ ಕಂಚು ಇವೆ, ಅಷ್ಟಕ್ಕೆ ತೃಪ್ತಿಪಡಿ.

ಪ್ರಶ್ನೆ: ಅವರು ಉಡುಪಿ ಕಡೆಯವರಾ? ದೀಪಿಕಾಗೆ ಕನ್ನಡ ಬರುತ್ತಾ?
– ಗೃಹಿಣಿ, ಪುಣೆ

ಉತ್ತರ: ಕುಂದಾಪುರದಿಂದ ಉತ್ತರಕ್ಕೆ, ಮರವಂತೆ ಹತ್ತಿರದ ಪಡುಕೋಣೆ ಅವರ ಮೂಲ ಊರು. ಹುಟ್ಟಿ ಬೆಳೆದದ್ದು ಬೆಂಗಳೂರು, ಮನೆಮಾತು ಕೊಂಕಣಿ. ಮಗಳು ಹುಟ್ಟಿದ್ದು ಕೋಪನ್‌ಹೇಗನ್‌ನಲ್ಲಿ, ಅಪ್ಪ ಆಟಕ್ಕಾಗಿ ಡೆನ್ಮಾರ್ಕ್‌ನಲ್ಲಿದ್ದಾಗ. ದೀಪಿಕಾರ ಮೊದಲ ಸಿನಿಮಾ ಕನ್ನಡದ್ದೇ, ಇನ್ನುಳಿದದ್ದು ಸಿನಿಮಾ ಪುಟದವರನ್ನು ಕೇಳಿ.

ಪ್ರಶ್ನೆ: ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಲಕ್ಷ್ಯ ಸೇನ್ ಸೋತ ಮೇಲೆ ‘ಆಟಗಾರರೂ ಜವಾಬ್ದಾರಿ ಹೊರಬೇಕು’ ಅಂತ ಪ್ರಕಾಶ್ ಹೇಳಿದ್ದು ಸರೀನಾ?
– ಬ್ಯಾಂಕ್ ನೌಕರ, ತುಮಕೂರು

ಉತ್ತರ: ಮಾತು ಸರಿ, ಗಳಿಗೆ ಸರಿಯಿರಲಿಲ್ಲ. 2024ರ ಕಂಚಿನ ಪಂದ್ಯದಲ್ಲಿ ಹುಡುಗ ಮೊದಲ ಗೇಮ್ 21-13ರಿಂದ ಗೆದ್ದು, ಮುಂದಿನ ಎರಡನ್ನು ಕೈಚೆಲ್ಲಿ ಬಂದಿದ್ದ. ಬೆವರು ಆರುವ ಮೊದಲೇ ಅದನ್ನು ಮೈಕ್ ಮುಂದೆ ಹೇಳಬೇಕಿತ್ತಾ? ಡಬಲ್ಸ್ ಆಟಗಾರ್ತಿ ಅಶ್ವಿನಿ ಪೊನ್ನಪ್ಪ ಬೇಸರಪಟ್ಟುಕೊಂಡದ್ದರಲ್ಲಿ ತಪ್ಪಿಲ್ಲ. ಆದರೆ ಇದೇ ಪ್ರಕಾಶ್ ಅಲ್ಲಿ ಕೋರ್ಟ್ ಪಕ್ಕ ಕೋಚ್ ಕುರ್ಚಿಯಲ್ಲಿ ಕೂತಿದ್ದರು, ಪಂದ್ಯಗಳು ಮುಗಿಯುವವರೆಗೆ ಲಕ್ಷ್ಯನ ಫೋನ್ ಕಿತ್ತಿಟ್ಟುಕೊಂಡಿದ್ದರು. ಹತ್ತಿರದವರು ಬೈದದ್ದನ್ನು ಹತ್ತಿರದವರ ಬೈಗುಳ ಅಂತಲೇ ನಾನು ತಗೋತೀನಿ.

ಪ್ರಶ್ನೆ: ನನ್ನ ಮಗನಿಗೆ ಒಂಬತ್ತು ವರ್ಷ. ಕೋಚ್ ಬರೀ ಸ್ಮ್ಯಾಷ್ ಹೊಡೆಸ್ತಾರೆ. ಪ್ರಕಾಶ್ ಥರ ಡ್ರಾಪ್ ಕಲಿಸಿ ಅನ್ನಲಾ?
– ತಂದೆ, ಮೈಸೂರು

ಉತ್ತರ: ಅನ್ನಬೇಡಿ. ಪ್ರಕಾಶ್ ಕೂಡ ಹುಡುಗನಾಗಿದ್ದಾಗ ಇಂಡೋನೇಷ್ಯಾದ ರೂಡಿ ಹಾರ್ಟೊನೊನ ಆಟಕ್ಕೆ ಮರುಳಾಗಿ, ಹೊಡೆದಾಡುವ ಆಟಕ್ಕೆ ತಿರುಗಿದವರೇ. ರಾಷ್ಟ್ರೀಯ ಪಟ್ಟ ಮೊದಲು ಸಿಕ್ಕಿದ್ದು ಆ ಆಟಕ್ಕೇ. ಸ್ಮ್ಯಾಷ್ ಹೊಡೆಯೋ ಭಯ ಇದ್ದರೆ ತಾನೆ ಡ್ರಾಪ್‌ಗೆ ಎದುರಿಗಿದ್ದವನು ಮೋಸ ಹೋಗೋದು? ಎರಡೂ ಬರಲಿ. ನೀವು ಮಾತ್ರ ಗ್ಯಾಲರಿಯಲ್ಲಿ ಕೂತು ‘ಡ್ರಾಪ್ ಹಾಕೋ’ ಅಂತ ಕೂಗಬೇಡಿ, ಎದುರಾಳಿಗೂ ಕೇಳಿಸುತ್ತೆ.