ಆಲೂಗೆಡ್ಡೆಯ ಬೆಟ್ಟ, ಕಡಲೆಕಾಯಿಯ ದೋಣಿ

ಓದುಗರ ಪ್ರಶ್ನೆಗಳಿಗೆ ನಿವೃತ್ತ ಭೂಗೋಳ ಮೇಷ್ಟರ ಉತ್ತರ

ಪ್ರಶ್ನೆ: ಶಾಲೆಯಲ್ಲಿ ನಿಮಗೆ ತುಂಬ ಇಷ್ಟವಾಗಿದ್ದ ವಿಷಯ ಭೂಗೋಳವೇ? ಅಥವಾ ಕೆಲಸ ಸಿಕ್ಕಿದ ಮೇಲೆ ಇಷ್ಟಪಟ್ಟಿರೋ? ನಿಜ ಹೇಳಿ.
(ಓದುಗರೊಬ್ಬರು, ರಾಜಾಜಿನಗರ)

ಉತ್ತರ: ನಿಜವನ್ನೇ ಹೇಳುತ್ತೇನೆ. ಎಂಟನೇ ತರಗತಿಯವರೆಗೆ ನನಗೆ ಭೂಗೋಳವನ್ನು ಕಂಡರೆ ಆಗುತ್ತಿರಲಿಲ್ಲ. ಸೆಣಬು ಎಲ್ಲಿ ಬೆಳೆಯುತ್ತದೆ, ಮ್ಯಾಂಗನೀಸ್ ಎಲ್ಲಿ ಸಿಗುತ್ತದೆ ಎಂದು ಉರು ಹೊಡೆಯುವುದು, ಪರೀಕ್ಷೆ ಬರೆದು ಮರೆಯುವುದು. ಒಂಬತ್ತನೇ ತರಗತಿಗೆ ಹೊಸ ಮೇಷ್ಟರು ಬಂದರು. ಮೊದಲ ದಿನವೇ ಚೀಲದಿಂದ ಎರಡು ಆಲೂಗೆಡ್ಡೆ, ಒಂದು ಚಾಕು ತೆಗೆದು ಮೇಜಿನ ಮೇಲಿಟ್ಟರು. ಒಂದನ್ನು ಉದ್ದಕ್ಕೆ ಸೀಳಿ ಬೋರಲು ಹಾಕಿ, ‘ಇದು ಬೆಟ್ಟ’ ಎಂದರು. ಅರ್ಧ ಬೆರಳು ದಪ್ಪಕ್ಕೆ ಅಡ್ಡಡ್ಡವಾಗಿ ಬಿಲ್ಲೆ ಕೊಯ್ದರು. ಎಲ್ಲಕ್ಕಿಂತ ಕೆಳಗಿನ ಬಿಲ್ಲೆಯನ್ನು ಕಾಗದದ ಮೇಲಿಟ್ಟು ಸುತ್ತ ಪೆನ್ಸಿಲ್ ಎಳೆದರು. ಅದರೊಳಗೆ ಅದಕ್ಕಿಂತ ಚಿಕ್ಕದು, ಅದರೊಳಗೆ ಇನ್ನೂ ಚಿಕ್ಕದು. ಆಲೂಗೆಡ್ಡೆಯ ಒಂದು ಮಗ್ಗುಲು ಕಡಿದಾಗಿತ್ತು. ಅಲ್ಲಿ ಗೆರೆಗಳು ಒತ್ತೊತ್ತಾಗಿ ಬಿದ್ದಿದ್ದವು. ಇನ್ನೊಂದು ಮಗ್ಗುಲಲ್ಲಿ ದೂರ ದೂರ. ‘ಸಮೋನ್ನತ ರೇಖೆ ಎಂದರೆ ಇಷ್ಟೇ’ ಎಂದು ಹೇಳಿ, ಬಿಲ್ಲೆಗಳನ್ನೆಲ್ಲ ಬಾಚಿ ಮತ್ತೆ ಚೀಲಕ್ಕೆ ಹಾಕಿಕೊಂಡರು. ಸಂಜೆ ಪಲ್ಯವಾಗಿರಬೇಕು.

ಮರುದಿನ ಸರ್ವೆ ಇಲಾಖೆಯ ಬೆಂಗಳೂರಿನ ನಕ್ಷೆ ತಂದು ಹರಡಿದರು. ಒಂದು ಇಂಚಿಗೆ ಒಂದು ಮೈಲಿಯ ಹಳೆಯ ಹಾಳೆ, ಐವತ್ತು ಅಡಿಗೊಂದು ಗೆರೆ. ನಾನು ಆಗ ದಿನವೂ ಬಸವನಗುಡಿಯ ಮನೆಯಿಂದ ಚಿಕ್ಕಪೇಟೆಯ ಅಂಗಡಿಗೆ ಸೈಕಲ್ಲಿನಲ್ಲಿ ಅಪ್ಪನ ಊಟದ ಡಬ್ಬಿ ಒಯ್ಯುತ್ತಿದ್ದೆ. ಹೋಗುವಾಗ ಡಬ್ಬಿ ತುಂಬಿರುತ್ತಿತ್ತು, ಸೈಕಲ್ ಹಗುರ. ಬರುವಾಗ ಡಬ್ಬಿ ಖಾಲಿ, ಸೈಕಲ್ ಭಾರ. ಅಮ್ಮ ಅದಕ್ಕೆ ಸೋಮಾರಿತನ ಎಂದು ಹೆಸರಿಟ್ಟಿದ್ದಳು. ನಕ್ಷೆಯಲ್ಲಿ ಬೆರಳಿಟ್ಟು ನೋಡಿದರೆ ಬಸವನಗುಡಿ ದಿಣ್ಣೆಯ ಮೇಲಿದೆ, ಪೇಟೆ ತಗ್ಗಿನಲ್ಲಿದೆ! ಸರ್ಕಾರವೇ ನನ್ನ ಪರವಾಗಿ ಸಾಕ್ಷಿ ಹೇಳಿದಂತಾಯಿತು. ಅಂದಿನಿಂದ ಈ ವಿಷಯದ ಹುಚ್ಚು ಹಿಡಿಯಿತು.

ಆ ದಿಣ್ಣೆಯ ಕಥೆ ಅಷ್ಟಕ್ಕೇ ಮುಗಿಯುವುದಿಲ್ಲ. ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ನಮ್ಮ ಊರಿನ ನಡುವೆ ಉತ್ತರದಿಂದ ದಕ್ಷಿಣಕ್ಕೆ ಒಂದು ಏಣು ಹಾದುಹೋಗುತ್ತದೆ, ಹಸುವಿನ ಬೆನ್ನುಮೂಳೆಯಂತೆ. ಅದರ ಪಶ್ಚಿಮಕ್ಕೆ ಬಿದ್ದ ಮಳೆ ವೃಷಭಾವತಿಗೆ ಸೇರಿ, ಅರ್ಕಾವತಿಗೆ ಹೋಗಿ, ಸಂಗಮದಲ್ಲಿ ಕಾವೇರಿಯಾಗುತ್ತದೆ. ಪೂರ್ವಕ್ಕೆ ಬಿದ್ದದ್ದು ಬೆಳ್ಳಂದೂರು, ವರ್ತೂರು ಕೆರೆಗಳ ದಾರಿ ಹಿಡಿದು ದಕ್ಷಿಣ ಪಿನಾಕಿನಿಗೆ ಸೇರುತ್ತದೆ. ವೃಷಭಾವತಿ ಹುಟ್ಟುವುದು ದೊಡ್ಡ ಬಸವಣ್ಣನ ಪಾದದಲ್ಲಿ ಎಂಬುದು ನಮ್ಮ ಬಡಾವಣೆಯ ನಂಬಿಕೆ. ಲಾಲ್‌ಬಾಗಿನ ಕೆರೆಯಾದರೋ ಪೂರ್ವದ ಪಾಲು. ಎಂದರೆ ನೀರಿನ ಗಡಿ ಬಸವನ ಗುಡಿಗೂ ಲಾಲ್‌ಬಾಗಿಗೂ ನಡುವೆ, ನಾವು ಗೋಲಿ ಆಡುತ್ತಿದ್ದ ಬೀದಿಗಳಲ್ಲೇ ಎಲ್ಲೋ ಇರಬೇಕು. ಆ ವರ್ಷದ ಪರಿಷೆಯ ಹೊತ್ತಿಗೆ ಮಳೆ ಹಿಡಿಯಿತು. ನಾನೂ ಗೆಳೆಯನೂ ಕಡಲೆಕಾಯಿ ಸಿಪ್ಪೆಗಳನ್ನು ದೋಣಿ ಮಾಡಿ ಒಂದೊಂದು ಬೀದಿಯ ಚರಂಡಿಯಲ್ಲಿ ಬಿಡುತ್ತ ಗಡಿ ಹುಡುಕಿದೆವು. ಒಂದು ಸಿಪ್ಪೆ ಕಾವೇರಿ ಹಿಡಿದು ಪೂಂಪುಹಾರಿಗೆ, ಇನ್ನೊಂದು ಪಿನಾಕಿನಿ ಹಿಡಿದು ಕಡಲೂರಿಗೆ; ಎರಡೂ ಕೊನೆಗೆ ಸೇರುವುದು ಬಂಗಾಳ ಕೊಲ್ಲಿಯನ್ನೇ ಎಂದು ಗೆಳೆಯನಿಗೆ ವಿವರಿಸಿದೆ. ಅವನು, ‘ಹಾಗಾದರೆ ಎಲ್ಲಿ ಬಿಟ್ಟರೇನು?’ ಎಂದ. ಅವನು ಮುಂದೆ ಬ್ಯಾಂಕ್ ಸೇರಿದ.

ಇನ್ನೊಂದು ತಮಾಷೆ ನೋಡಿ. 1974ರಿಂದ ನಾವು ಕಾವೇರಿ ನೀರು ಕುಡಿಯುತ್ತಿದ್ದೇವೆ. ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ, ಹತ್ತಿರ ಹತ್ತಿರ 500 ಮೀಟರ್ ಎತ್ತರಕ್ಕೆ ಮೂರು ಹಂತಗಳಲ್ಲಿ ಪಂಪ್ ಮಾಡಿ ಅದನ್ನು ಹತ್ತಿಸುತ್ತಾರೆ. ವಿಜಯನಗರದ ಮನೆಯಲ್ಲಿ ಆ ನೀರಿನಿಂದ ಪಾತ್ರೆ ತೊಳೆದರೆ, ಅದು ವೃಷಭಾವತಿಯ ಕಣಿವೆಗೆ ಇಳಿದು ಮತ್ತೆ ಕಾವೇರಿಯ ದಾರಿ ಹಿಡಿಯುತ್ತದೆ. ಬರುವಾಗ ವಿದ್ಯುತ್ ಖರ್ಚು, ಹೋಗುವಾಗ ಪುಕ್ಕಟೆ. ಥೇಟ್ ನನ್ನ ಸೈಕಲ್ಲಿನ ಲೆಕ್ಕ. ಅದು ಯಾವ ಬಣ್ಣದಲ್ಲಿ ವಾಪಸಾಗುತ್ತದೆ ಎಂಬುದನ್ನು ಮೈಸೂರು ರಸ್ತೆಯಲ್ಲಿ ಬಸ್ಸಿನ ಕಿಟಕಿ ತೆರೆದವರಿಗೆ ಹೇಳಬೇಕಾಗಿಲ್ಲ.

ಪ್ರಶ್ನೆ: ಏಳನೇ ತರಗತಿಯ ಮಗಳಿಗೆ ಭೂಗೋಳವೆಂದರೆ ರಾಜಧಾನಿಗಳ ಬಾಯಿಪಾಠ. ಆಸಕ್ತಿ ಹುಟ್ಟಿಸುವುದು ಹೇಗೆ?
(ತಾಯಿಯೊಬ್ಬರು, ಯಲಹಂಕ)

ಉತ್ತರ: ಪುಸ್ತಕ ಮುಚ್ಚಿಸಿ ತಾರಸಿಗೆ ಕರೆದುಕೊಂಡು ಹೋಗಿ. ಏಪ್ರಿಲ್ 24ರ ಸುಮಾರಿಗೆ ಮತ್ತು ಆಗಸ್ಟ್ 18ರ ಸುಮಾರಿಗೆ, ವರ್ಷಕ್ಕೆ ಎರಡೇ ಬಾರಿ, ಬೆಂಗಳೂರಿನಲ್ಲಿ ಮಧ್ಯಾಹ್ನದ ಸೂರ್ಯ ನೇರ ನೆತ್ತಿಯ ಮೇಲೆ ಬರುತ್ತಾನೆ. ನೆಟ್ಟಗೆ ನಿಲ್ಲಿಸಿದ ಲಟ್ಟಣಿಗೆಯ ನೆರಳು ಅದರ ಬುಡದಲ್ಲೇ ಅಡಗಿಬಿಡುತ್ತದೆ. ಮಗಳು ಹನ್ನೆರಡು ಗಂಟೆಗೇ ಕಾದು ನಿಂತು, ನೆರಳು ಇನ್ನೂ ಇದೆ ಎಂದು ಮುಖ ಸಪ್ಪೆ ಮಾಡಿಕೊಳ್ಳುತ್ತಾಳೆ. ಏಪ್ರಿಲ್‌ನಲ್ಲಾದರೆ 12 ಗಂಟೆ 17 ನಿಮಿಷದವರೆಗೆ, ಆಗಸ್ಟಿನಲ್ಲಾದರೆ ಇನ್ನೂ ಆರೇಳು ನಿಮಿಷ ಕಾಯಲು ಹೇಳಿ. ಯಾಕೆ ಎಂದು ಕೇಳಿಯೇ ಕೇಳುತ್ತಾಳೆ. ನಮ್ಮ ಗಡಿಯಾರ ನಡೆಯುವುದು ಪೂರ್ವಕ್ಕಿರುವ 82.5 ಡಿಗ್ರಿ ರೇಖಾಂಶದ ಲೆಕ್ಕದಲ್ಲಿ. ಬೆಂಗಳೂರು ಇರುವುದು 77.6ರಲ್ಲಿ. ಡಿಗ್ರಿಗೆ ನಾಲ್ಕು ನಿಮಿಷದಂತೆ ಗುಣಿಸಲು ಬಿಡಿ. ಉಳಿದ ಎರಡರಿಂದ ನಾಲ್ಕು ನಿಮಿಷದ ವ್ಯತ್ಯಾಸ ಭೂಮಿಯ ಸುತ್ತಾಟದ ಏರುಪೇರಿನದು. ಅದನ್ನು ಹೈಸ್ಕೂಲಿಗೆ ಉಳಿಸಿಕೊಳ್ಳಿ.

ಒಂದೇ ಕಷ್ಟ. ಏಪ್ರಿಲ್‌ನಲ್ಲಿ ಮಕ್ಕಳು ರಜೆಗೆ ಅಜ್ಜಿ ಮನೆಗೆ ಹೋಗಿರುತ್ತಾರೆ, ಆಗಸ್ಟಿನಲ್ಲಿ ಸೂರ್ಯ ಮೋಡದ ಮನೆಗೆ. ನಾನು ಎಷ್ಟೋ ವರ್ಷ ಶಾಲೆಯ ಬಾವುಟದ ಕಂಬದ ಕೆಳಗೆ ನಲವತ್ತು ಮಕ್ಕಳನ್ನು ನಿಲ್ಲಿಸಿಕೊಂಡು ಮೋಡ ನೋಡಿದ್ದೇನೆ.

ಪ್ರಶ್ನೆ: ಲಾಲ್‌ಬಾಗಿನ ಬಂಡೆ ಹಿಮಾಲಯಕ್ಕಿಂತ ಹಳೆಯದಂತೆ. ಇದು ವಾಟ್ಸ್ಆ್ಯಪ್ ಸುದ್ದಿಯೋ, ನಿಜವೋ?
(ಓದುಗರೊಬ್ಬರು, ಜಯನಗರ)

ಉತ್ತರ: ಅಪರೂಪಕ್ಕೊಮ್ಮೆ ವಾಟ್ಸ್ಆ್ಯಪ್ ಸತ್ಯ ಹೇಳಿದೆ. ಭಾರತದ ನೆಲ ಏಷ್ಯಾಕ್ಕೆ ಢಿಕ್ಕಿ ಹೊಡೆದು ಹಿಮಾಲಯ ಏಳತೊಡಗಿದ್ದು ಸುಮಾರು 5 ಕೋಟಿ ವರ್ಷಗಳ ಹಿಂದೆ. ಲಾಲ್‌ಬಾಗಿನ ನೈಸ್ ಶಿಲೆಯ ವಯಸ್ಸು ಸುಮಾರು 300 ಕೋಟಿ ವರ್ಷ. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂಬ ಫಲಕವೂ ಅಲ್ಲಿದೆ. ಅದರ ಪಕ್ಕದಲ್ಲೇ ಜನ ಚುರುಮುರಿ ತಿನ್ನುತ್ತ ಕೂರುತ್ತಾರೆ. ಬಂಡೆಯ ಮೇಲೆ ಬೂದು, ಬಿಳಿ ಪಟ್ಟೆಗಳು ಹಿಟ್ಟು ನಾದಿದಂತೆ ಬಳುಕಿರುವುದನ್ನು ಬೆಳಗಿನ ಓರೆ ಬಿಸಿಲಿನಲ್ಲಿ ನೋಡಿ. ಕಲ್ಲು ಒಂದು ಕಾಲಕ್ಕೆ ನೆಲದಾಳದ ಕಾವಿಗೆ ಮೆತ್ತಗಾಗಿದ್ದ ಗುರುತು ಅದು.

ಪ್ರಶ್ನೆ: ಮೊಬೈಲ್ ದಾರಿ ತೋರಿಸುವಾಗ ನಕ್ಷೆ ಓದುವುದನ್ನು ಯಾರಾದರೂ ಏಕೆ ಕಲಿಯಬೇಕು?
(ವಿದ್ಯಾರ್ಥಿ, ಬನಶಂಕರಿ)

ಉತ್ತರ: ಕಲಿಯಲೇಬೇಕೆಂದು ನಾನು ಹಟ ಹಿಡಿಯುವುದಿಲ್ಲ. ಹೋದ ತಿಂಗಳು ಮಳೆಯಲ್ಲಿ ಆಟೋ ಹತ್ತಿದ್ದೆ. ಮೊಬೈಲ್ ಬಲಕ್ಕೆ ತಿರುಗಲು ಹೇಳಿತು. ಚಾಲಕರು ಎಡಕ್ಕೆ ತಿರುಗಿಸಿದರು. ‘ಆ ಕಡೆ ಹಿಂದೆ ಕೆರೆಯಂಗಳ ಇತ್ತು ಸಾರ್, ನೀರು ಇನ್ನೂ ಅದನ್ನು ಮರೆತಿಲ್ಲ’ ಎಂದರು. ನಮ್ಮ ಮೆಜೆಸ್ಟಿಕ್ ಬಸ್ ನಿಲ್ದಾಣ ಧರ್ಮಾಂಬುಧಿ ಕೆರೆಯ ಅಂಗಳ, ಕಂಠೀರವ ಕ್ರೀಡಾಂಗಣ ಸಂಪಂಗಿ ಕೆರೆಯದು ಎಂದು ನಾನೂ ಒಂದೆರಡು ಸೇರಿಸಿದೆ. ಅವರು ನನಗೆ ಗೊತ್ತಿಲ್ಲದ ಇನ್ನೂ ನಾಲ್ಕು ತಗ್ಗುಗಳನ್ನು ಹೇಳಿದರು. ಮನೆ ಬಂದಾಗ ಚಿಲ್ಲರೆ ವಾಪಸ್ ಕೇಳಲು ನನಗೆ ಮನಸ್ಸಾಗಲಿಲ್ಲ.